ಎರಡು ನೀರಿನ ಕಿತ್ತಳೆ ಬಟ್ಟೆ

ಬಹಳ ಕಾಲದ ಹಿಂದೆ, ಬೇಸಿಗೆಯಲ್ಲೂ ಹಿಮ ಕರಗದ ಬೆಟ್ಟದ ಬುಡದಲ್ಲಿ ರಂಗಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮುದ್ದಕ್ಕ, ಹೊಂಬಯ್ಯ ಎಂಬ ಬಣ್ಣಗಾರ ಗಂಡಹೆಂಡಿರಿದ್ದರು. ಅವರ ಬಣ್ಣಕ್ಕೆ ಎರಡು ನೀರು ಬೇಕಿತ್ತು. ಒಂದರಲ್ಲಿ ಮುದ್ದಕ್ಕ ಬಟ್ಟೆ ನೆನೆಸುವಳು. ಇನ್ನೊಂದನ್ನು ಹೊಂಬಯ್ಯ ಮಂಜುಗಡ್ಡೆಯ ನಡುವೆ ಕಾಯ್ದಿಡುವನು. ಎರಡಕ್ಕೂ ಬಣ್ಣವಿಲ್ಲ. ಆದರೆ ನೆನೆದ ಬಟ್ಟೆ ಆ ತಣ್ಣನೆಯ ನೀರಿಗೆ ಬಿತ್ತೆಂದರೆ ಕಣ್ಣೆದುರೇ ಕಿತ್ತಳೆ ಬಣ್ಣ ಅರಳುತ್ತಿತ್ತು. ಒಬ್ಬರ ಗಡಿಗೆಯನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ಆ ಮನೆಯ ಕಟ್ಟಳೆ.

ಕಾಡಿನಾಚೆಯ ಕೋಟೆಯಲ್ಲಿ ನೀಲಾಸುರನೆಂಬ ಮಾಂತ್ರಿಕನಿದ್ದ. ಅವನ ಹಣೆಯ ನೀಲಮಣಿಯ ಬೆಳಕು ಬಿದ್ದವರು ಬೂದಿಯಾಗುತ್ತಿದ್ದರು. ಅವನಿಗೆ ಸೂರ್ಯನ ಮೇಲೇ ಹೊಟ್ಟೆಕಿಚ್ಚು!

"ಸೂರ್ಯನಿಗೆ ಹೊದಿಸುವಷ್ಟು ಕಪ್ಪು ಬಟ್ಟೆ ಮಾಡಿಕೊಡು. ಆಮೇಲೆ ಜನ ಬೆಳಕಿಗೆ ನನ್ನ ಕಾಲಿಗೇ ಬೀಳಬೇಕು" ಎಂದು ಅವನು ಹೊಂಬಯ್ಯನಿಗೆ ಹೇಳಿದ.

"ಆಗೋದಿಲ್ಲ" ಎಂದ ಹೊಂಬಯ್ಯ.

ಮಾಂತ್ರಿಕ ಅವನನ್ನು ಎಳೆದೊಯ್ದು ಮಿಂಚಿನ ಪಂಜರದಲ್ಲಿ ಕೂಡಿಹಾಕಿದ. ಅಮಾವಾಸ್ಯೆಯೊಳಗೆ ಒಪ್ಪದಿದ್ದರೆ ಬೂದಿ ಮಾಡುವೆನೆಂದು ಊರಲ್ಲಿ ಡಂಗುರ ಹೊಡೆಸಿದ.

"ನೀಲಿ ಬೆಳಕನ್ನ ಕುಡಿದು ಅರಗಿಸಿಕೊಳ್ಳೋದು ನಮ್ಮ ಕಿತ್ತಳೆ ಬಟ್ಟೆ ಒಂದೇ ಕಣಮ್ಮ" ಎಂದಳು ಅತ್ತೆ. "ಆದರೆ ನನ್ನ ಮಗನ ಗಡಿಗೆ ಯಾರು ಮುಟ್ಟಬೇಕು?"

"ನಾನು ಮುಟ್ತೀನಿ ಅತ್ತೆ" ಎಂದಳು ಮುದ್ದಕ್ಕ.

ಅವಸರದಲ್ಲಿ ಮಂಜುಗಡ್ಡೆ ಸಾಕಾಗಲಿಲ್ಲ. ನೀರು ಬೆಚ್ಚಗಾಗಿ, ಬುಳುಬುಳು ಗುಳ್ಳೆಯೆದ್ದು, ಕೆಟ್ಟೇಹೋಯಿತು. ಮುದ್ದಕ್ಕ ಗೋಳೋ ಎಂದು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಬೆಟ್ಟ ಹತ್ತಿದಳು. ಹೊಸದಾಗಿ ನೀರು ಮಾಡಿ, ಹೊತ್ತು ತಂದ ಹಿಮದಲ್ಲಿ ಗಡಿಗೆ ಹೂತು, ಬೆರಳು ಮರಗಟ್ಟಿದರೂ ಕೈ ತೆಗೆಯಲಿಲ್ಲ. ಈ ಸಲ ಬಟ್ಟೆಯಲ್ಲಿ ಕಿತ್ತಳೆ ಅರಳಿತು.

ಕಾಡಿನ ಅಂಚಿನಲ್ಲಿ ಮೂರು ಕೊಳ, ನಡುವೆ ಒಂದು ಮೊಸಳೆ. "ಒಂದರ ನೀರು ಕುಡಿದರೇ ದಾರಿ. ಎರಡರಲ್ಲಿ ಕರುಳು ಸುಡುವ ಹುಳಿವಿಷ" ಎಂದಿತು ಮೊಸಳೆ. ಹುಳಿ ಸೋಕಿದರೆ ಆ ಕಿತ್ತಳೆ ಕೆಂಪಾಗುವುದೆಂದು ಬಲ್ಲ ಮುದ್ದಕ್ಕ ಬಟ್ಟೆಯ ತುದಿ ಅದ್ದಿದಳು. ಮೊದಲ ಕೊಳದಲ್ಲಿ ತುದಿ ಕೆಂಪಾಯಿತು. ಇನ್ನೊಂದು ತುದಿ ಎರಡನೆಯದರಲ್ಲೂ ಕೆಂಪಾಯಿತು. ಮೂರನೆಯದರಲ್ಲಿ ಕಿತ್ತಳೆಯಾಗಿಯೇ ಉಳಿಯಿತು. ಅವಳು ಹೊಟ್ಟೆತುಂಬ ಕುಡಿದು ಮುಂದೆ ನಡೆದಳು.

ನಡುಗಾಡಿನಲ್ಲಿ ನೀಲಿ ಕಣ್ಣಿನ ಚಿರತೆ. ಅದು ನೋಡಿದ ಮರವೆಲ್ಲ ಉರಿಯಿತು. ಮುದ್ದಕ್ಕ ಬಟ್ಟೆ ಹೊದ್ದು ಕೂತಳು. ಬಟ್ಟೆ ಆ ಬೆಳಕನ್ನೆಲ್ಲ ಕುಡಿಯಿತು. ಚಿರತೆಯ ಮೈಯಿಂದ ಮಿಂಚಿನ ಕಿಡಿಯೊಂದು ಹಾರಿ, ನೀಲಿ ಬೆಳಕು ಬಿದ್ದಷ್ಟು ದೂರ ಬಟ್ಟೆಯ ಮೇಲೆ ಓಡಿ, ನೆರಳಿನ ಮಡಿಕೆಯಲ್ಲಿ ನಿಂತುಹೋಯಿತು. 'ಓಹೋ, ನೀಲಿ ಬೆಳಕು ಕುಡಿದಾಗ ಮಾತ್ರ ಇದರ ಮೇಲೆ ಮಿಂಚು ಓಡುತ್ತೋ!' ಎಂದುಕೊಂಡಳು ಮುದ್ದಕ್ಕ. ಕಣ್ಣಿನ ನೀಲಿ ಬರಿದಾದ ಚಿರತೆ ಮಿಯಾಂವ್ ಎಂದು ಅವಳ ಹಿಂದೆ ಬಂತು.

ಕೋಟೆಯೊಳಗೆ ಕತ್ತಲು. ಪಂಜರದ ಮಿಂಚು ಕೆಂಡದಂತೆ ಮಂದವಾಗಿ ಕೆಂಪಗೆ ಹೊಳೆಯುತ್ತಿತ್ತು. ಆ ಕೆಂಪನ್ನು ಬಟ್ಟೆ ಕುಡಿಯದು, ಹಾಗಾಗಿ ಮಿಂಚೂ ಅದರ ಮೇಲೆ ಓಡದು. ಅವಳು ಹೆದರದೆ ಒಂದು ತುದಿಯನ್ನು ಪಂಜರಕ್ಕೂ ಇನ್ನೊಂದನ್ನು ಮಾಂತ್ರಿಕನ ಕಬ್ಬಿಣದ ಸಿಂಹಾಸನಕ್ಕೂ ಕಟ್ಟಿದಳು.

"ಬಟ್ಟೆ ಒಣಗಿಸೋಕೆ ಬಂದೆಯೇನೇ?" ಎಂದು ಸಿಂಹಾಸನದಲ್ಲಿ ಕೂತ ನೀಲಾಸುರ ಹೊಟ್ಟೆ ಹಿಡಿದು ನಕ್ಕ.

"ಹೂಂ. ನಿನ್ನ ಮಣಿ ಆರಿಹೋಗಿದೆಯಂತಲ್ಲ, ಊರೆಲ್ಲ ಆಡಿಕೊಳ್ತಿದೆ!"

ಅವನಿಗೆ ರೇಗಿಹೋಯಿತು. ಮಣಿ ಧಗ್ಗನೆ ಬೆಳಗಿತು. ಮುದ್ದಕ್ಕ ಬಟ್ಟೆಯ ಹಿಂದೆ ಕುಳಿತಳು. ಬಟ್ಟೆ ನೀಲಿ ಬೆಳಕನ್ನು ಗಟಗಟ ಕುಡಿಯಿತು. ಪಂಜರದ ಮಿಂಚೆಲ್ಲ ಅದರುದ್ದಕ್ಕೂ ಓಡಿ ಸಿಂಹಾಸನಕ್ಕೆ ನುಗ್ಗಿತು. ನೀಲಾಸುರನಿದ್ದಲ್ಲಿ ಹಿಡಿ ಬೂದಿ ಉಳಿಯಿತು.

ಹೊಂಬಯ್ಯ ಓಡಿಬಂದು ಅವಳ ಕೈ ಹಿಡಿದ. ಹಿಮಕ್ಕೆ ಒಡೆದ ಬೆರಳು ನೋಡಿ ಅವನ ಕಣ್ಣು ತುಂಬಿತು. "ನನ್ನ ಗಡಿಗೆ ಮುಟ್ಟಿದೆಯಾ?"

"ಮುಟ್ಟಿದೆ ಕಣ್ರೀ. ಒಂದು ಗಡಿಗೆ ಕೆಡಿಸಿಯೂ ಬಿಟ್ಟೆ. ಮನೆಗೆ ಹೋದ ತಕ್ಷಣ ನನ್ನ ಗಡಿಗೆಯ ಕೆಲಸ ನೀವು ಕಲೀಬೇಕು."

"ಯಾಕೆ?"

"ನಾಳೆ ನನ್ನನ್ನ ಯಾರಾದರೂ ಎತ್ತಿಕೊಂಡು ಹೋದರೆ ನೀವು ಬರಬೇಡವೇ?"

ಅಂದಿನಿಂದ ಆ ಮನೆಯಲ್ಲಿ ಇಬ್ಬರಿಗೂ ಎರಡೂ ನೀರಿನ ಕೆಲಸ ಬರುತ್ತಿತ್ತು. ಚಿರತೆ ಒಲೆಯ ಪಕ್ಕ ಮಲಗಿತು, ಕೊಳಗಳೆಲ್ಲ ಸಿಹಿಯಾದವು, ರಂಗಾವತಿಯ ಜನ ಸೂರ್ಯನ ಬೆಳಕಿನಲ್ಲಿ ಬಟ್ಟೆ ಒಣಗಿಸುತ್ತ ನೂರ್ಕಾಲ ಸುಖವಾಗಿ ಬಾಳಿದರು.