ಚಹಾ ಕಪ್ಪಿನ ತಳದ ಕೆಂಪು ಚುಕ್ಕಿ

"ಜ್ವಾಕಿ ಬೇ ಮಹೆಕ! ಒಂದ ಒಡದ್ರೂ ನಾ ಓಣ್ಯಾಗ ಮುಖ ಎತ್ತಂಗಿಲ್ಲ," ಎಂದರು ಪಕ್ಕದ ಮನೆಯ ಹೀರಾಬಾಯಿ. "ಇವು ನನ್ನವಲ್ಲ. ನಮ್ಮ ಹುಡುಗೀನ ನೋಡಾಕ ಬಂದಿದ್ರಲ್ಲ, ಅದಕ್ಕ ತಂದಿದ್ದೆ. ನಾಳಿ ಹೊಳ್ಳಿ ಕೊಡಬೇಕು."

"ಹೂಂ ಕಾಕು," ಎಂದಳು ಮಹೆಕ. ಟವೆಲ್ಲಿನಲ್ಲಿ ಸುತ್ತಿದ ಎರಡು ಕಪ್, ಅವುಗಳ ಕೆಳಗಿಡುವ ಎರಡು ಬಸಿಯನ್ನು ಎದೆಗೆ ಅವಚಿಕೊಂಡು ಉಸಿರು ಬಿಗಿಹಿಡಿದು ನಡೆದಳು.

ಆ ಓಣಿಯಲ್ಲಿ ಹಾಗೇ. ಹೆಣ್ಣು ನೋಡಲು ಯಾರು ಬಂದರೂ ಬೇರೆಯವರ ಕಪ್ಪಿನಲ್ಲೇ ಚಹಾ. ಬಂದವರೂ ಏನೂ ಅಂದುಕೊಳ್ಳುವುದಿಲ್ಲ. ಅವರ ಊರಲ್ಲೂ ಅದೇ ಪದ್ಧತಿ!

ಇಡೀ ಸರಸಂಬಾ ಊರಲ್ಲಿ ಮಹೆಕಳಷ್ಟು ಪ್ರಶ್ನೆ ಕೇಳುವವರು ಇನ್ನೊಬ್ಬರಿಲ್ಲ. ಕೋಳಿಗೆ ಹಲ್ಲು ಯಾಕಿಲ್ಲ ಎಂದು ಕೇಳಿ ಮಾಸ್ತರರ ತಲೆ ತಿಂದವಳು ಅವಳು. ಆದರೆ ಈ ಕಪ್ ಯಾರವು ಎಂದು ಮಾತ್ರ ಕೇಳಲಿಲ್ಲ. ನಾಲ್ಕು ಗಂಟೆಗೆ ಶಿವಕಾಂತಾ ಬರುವವಳಿದ್ದಳು. ಪುರುಸೊತ್ತು ಎಲ್ಲಿತ್ತು?

ಶಿವಕಾಂತಾ ಐದನೇ ಕ್ಲಾಸಿನಲ್ಲಿ ಮಹೆಕಳ ಬೆಂಚಿನವಳು. ಅವರದು ದೊಡ್ಡ ಮನೆ, ಬಾಗಿಲಲ್ಲಿ ಕಾರು. ಮಹೆಕ ಆ ಮನೆಯೊಳಗೆ ಹೋದವಳಲ್ಲ. ಹೋದ ವಾರ ಶಿವಕಾಂತಾ, "ನಮ್ಮನ್ಯಾಗ ಬಂಗಾರದ ಅಂಚಿನ ಕಪ್ ಅದಾವ," ಎಂದಿದ್ದಳು. ಮಹೆಕಳ ಬಾಯಿ ಸುಮ್ಮನಿರಬೇಕಲ್ಲ!

"ನಮ್ಮನ್ಯಾಗೂ ಅದಾವ," ಎಂದುಬಿಟ್ಟಿದ್ದಳು.

ಆ ಸುಳ್ಳು ಇವತ್ತು ಗೊತ್ತಾದರೆ? ಶಿವಕಾಂತಾ ನಾಳೆಯೇ ಬೆಂಚು ಬದಲಿಸುತ್ತಾಳೆ.

ಮನೆಯಲ್ಲಿ ಅಕ್ಕ ಮಸರತ ಮಂಚದ ಮೇಲೆ ಮೊಬೈಲ್ ಹಿಡಿದು ಓದುತ್ತಿದ್ದಳು. ಅವಳು ಕಡಗಂಚಿಯ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದಳು. ಪರೀಕ್ಷೆಗೆ ಇಟ್ಟಿದ್ದು ಒಂದು ಹಳೆಯ ಅಮೆರಿಕದ ಕಾದಂಬರಿ. ದಿನಾ ಸಂಜೆ ತಂಗಿಗೆ ಅದರ ಕತೆಯನ್ನು ಒಂದಿಷ್ಟು ಹೇಳುತ್ತಿದ್ದಳು. ಮಹೆಕ ಮರುದಿನ ಊಟದ ಬಿಡುವಿನಲ್ಲಿ ಅದನ್ನೇ ಶಿವಕಾಂತಾಳಿಗೆ ಹೇಳುತ್ತಿದ್ದಳು. ಬಡ ಹುಡುಗನೊಬ್ಬ ಸಾಹುಕಾರರ ಹುಡುಗಿಯನ್ನು ಪ್ರೀತಿಸಿದ. ಅವಳು ಸಿಗಲಿಲ್ಲ. ಆಮೇಲೆ ಹೇಗೋ ಸಿಕ್ಕಾಪಟ್ಟೆ ಹಣ ಮಾಡಿದ, ದೊಡ್ಡ ಬಂಗಲೆ ಕೊಂಡ. ಅವಳು ಒಂದು ದಿನವಾದರೂ ಬಂದಾಳು ಎಂದು ವಾರವಾರವೂ ಊರಿಗೆಲ್ಲ ಊಟದ ದಾವತ್ ಕೊಟ್ಟ.

"ಆಪಾ, ಅಂವ ಸೀದಾ ಹೋಗಿ ಆಕೀನ ಮಾತಾಡ್ಸಿದ್ರ ಆಗ್ತಿದ್ದಿಲ್ಲೇನು? ಅಷ್ಟೆಲ್ಲಾ ಯಾಕ ಮಾಡ್ದ?" ಎಂದು ಮಹೆಕ ಅಕ್ಕನನ್ನು ಕೇಳಿದಳು.

"ಬಡವ ಅಂತ ಒಲ್ಲೆ ಅಂದಾಳು ಅಂತ ಅಂಜಿಕಿ."

"ಆಕಿಗಿ ಬಂಗ್ಲಾನೇ ಬೇಕಾಗಿತ್ತೇನು?"

"ನನಗೂ ಅದೇ ತಿಳೀವಲ್ದು. ಅದೇನ ಟವೆಲ್ಲಿನಾಗ?"

ಮಹೆಕಳಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸಲಿಲ್ಲ. ಮನೆಯ ಸ್ಟೀಲ್ ಗಿಲಾಸುಗಳನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು.

ಶಿವಕಾಂತಾ ಬಂದಳು. ಕುರ್ಚಿ ಬಿಟ್ಟು ಚಾಪೆಯ ಮೇಲೇ ಕುಳಿತಳು. ಮಸರತ ಚಹಾ ಮಾಡಿದಳು. ಮಹೆಕ ಎರಡು ಕಪ್ ತುಂಬಿ ತಂದಳು. ಬಂಗಾರದ ಅಂಚು ಫಳಫಳ ಹೊಳೆಯಿತು.

ಶಿವಕಾಂತಾ ಕಪ್ ನೋಡಿದಳು, ಮಹೆಕಳ ಮುಖ ನೋಡಿದಳು. ಕಪ್ ಎತ್ತಿ ಊದತೊಡಗಿದಳು. ಎದುರಿಗೆ ಕುಳಿತ ಮಹೆಕಳಿಗೆ ಕಪ್ಪಿನ ತಳ ಕಾಣಿಸಿತು.

"ಅಯ್ಯ, ತಳದಾಗ ಕೆಂಪ ಚುಕ್ಕಿ ಯಾಕದ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತನ್ನ ಮನೆಯ ಕಪ್ಪಿನ ಬಗ್ಗೆ ಬಂದವರನ್ನು ಕೇಳುವವರುಂಟೇ?

"ನೇಲ್ ಪಾಲಿಶ್," ಎಂದಳು ಶಿವಕಾಂತಾ ಮೆಲ್ಲಗೆ. "ನಮ್ಮವ್ವ ಹಚ್ಯಾಳ. ಹೆಣ್ಣ ನೋಡಾಕ ಬಂದಾಗ ಯಾರಿಗರ ಕೊಟ್ರ ಅದಲು ಬದಲು ಆಗಬಾರ್ದಂತ."

ಮಹೆಕಳ ಮುಖ ಬಿಸಿಯಾಯಿತು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು.

"ನಾ ಸುಳ್ಳ ಹೇಳೀನಿ," ಎಂದಳು. "ನಮ್ಮನ್ಯಾಗ ಇಂಥ ಕಪ್ ಇಲ್ಲ. ಬರೇ ಸ್ಟೀಲ್ ಗಿಲಾಸ ಅದಾವ."

ಶಿವಕಾಂತಾ ಒಂದು ಗುಟುಕು ಕುಡಿದಳು.

"ನಿನಗ ಗೊತ್ತೇನು? ಈ ಕಪ್ಪಿನಾಗ ನಾ ಇವತ್ತೇ ಮೊದ್ಲ ಕುಡ್ಯಾಕತ್ತೇನಿ. ಮನ್ಯಾಗ ಮುಟ್ಟಗೊಡಂಗಿಲ್ಲ. ಕಪಾಟಿಗಿ ಕೀಲಿ ಹಾಕ್ತಾರ."

"ಮತ್ತ ನೀ ಎದರಾಗ ಕುಡೀತಿ?"

"ಸ್ಟೀಲ್ ಗಿಲಾಸಿನಾಗ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊಬೈಲಿನ ಹಿಂದೆ ಮಸರತ ಕಿಸಕ್ಕನೆ ನಕ್ಕಳು.

"ಹಂಗಾದ್ರ ನೀ ಕಪ್ ನೋಡಾಕ ಬಂದಿಲ್ಲೇನು?" ಎಂದಳು ಮಹೆಕ.

"ಕಪ್ ಏನ ನೋಡ್ಲಿ? ದಿನಾ ಕಪಾಟಿನ ಗಾಜಿನಾಗ ನೋಡ್ತೇನಿ. ನಾ ಬಂದಿದ್ದು ಕತಿ ಕೇಳಾಕ. ನಿನ್ನಿ ಬೆಲ್ ಹೊಡೀತಂತ ಅರ್ಧಕ್ಕ ಬಿಟ್ಟಿದ್ದಿ." ಶಿವಕಾಂತಾ ಮಂಚದ ಕಡೆ ತಿರುಗಿದಳು. "ಅಕ್ಕಾ, ಆಕಿ ಬಂಗ್ಲಾಕ ಬಂದ್ಲೇನ್ರಿ?"

ಮಸರತ ಮೊಬೈಲ್ ಕೆಳಗಿಟ್ಟಳು.

"ಬಂದ್ಲು. ಅಂವ ಬಂಗ್ಲಾದ ಒಂದೊಂದ ಖೋಲಿಗಿ ಕರ್ಕೊಂಡ ಹೋಗಿ ತನ್ನ ಸಾಮಾನೆಲ್ಲಾ ತೋರ್ಸಿದ. ಆಕಿ ನೋಡಿ ಖುಷಿಪಟ್ಲು, ಅತ್ಲು. ಕಡೀಕಿ ತನ್ನ ಮನೀಗೇ ಹೋದ್ಲು. ಅಂವ ಒಬ್ಬನೇ ಉಳ್ದ."

"ಅಯ್ಯ ಪಾಪ! ಯಾಕ್ರಿ?" ಎಂದಳು ಶಿವಕಾಂತಾ.

ಈ ಸಲ 'ಯಾಕ' ಎಂದು ಕೇಳಿದವಳು ಮಹೆಕ ಅಲ್ಲ. ಅವಳು ಖಾಲಿ ಕಪ್‌ಗಳನ್ನು ತೊಳೆದು ಒರೆಸಿ ಟವೆಲ್ಲಿನಲ್ಲಿ ಸುತ್ತಿಟ್ಟಳು. ಅಕ್ಕಿ ಡಬ್ಬಿಯ ಹಿಂದಿನಿಂದ ಗಿಲಾಸುಗಳನ್ನು ಹೊರತೆಗೆದಳು. ಆಮೇಲೆ ಗೆಳತಿಯ ಕಡೆ ತಿರುಗಿದಳು.

"ಶಿವಕಾಂತಾ, ಇನ್ನೂ ಚಾ ಅದ. ನಿನಗ ಎದರಾಗ ಬೇಕು?"

"ಗಿಲಾಸಿನಾಗೇ ಹಾಕು ಬೇ," ಎಂದಳು ಶಿವಕಾಂತಾ. "ಅದ್ರಾಗ ಬಾಳ ಹಿಡೀತದ."

ಮಹೆಕ ಗಿಲಾಸಿನ ತುಂಬಾ ಚಹಾ ಸುರಿದು, ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಳು.