ಕಾಕಂಬಿಯಲ್ಲಿ ನೆನೆದ ಎದೆ

ಬಲು ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಅಯೋಮಂಗಲ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಒಂದು ಕಾರಿತ್ತು. ಆ ಕಾಲಕ್ಕೆ ಕಾರೆಲ್ಲಿಂದ ಬಂತು ಎಂದು ಕೇಳಬೇಡಿ, ಇತ್ತು. ಅದರ ಓಟ ಎಂಥದ್ದೆಂದರೆ, ಕಾರು ಊರು ಮುಟ್ಟಿ, ಡ್ರೈವರು ಇಳಿದು, ಒಂದು ತಂಬಿಗೆ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡ ಮೇಲೆ ಕಾರಿನ ನೆರಳು ಏದುಸಿರು ಬಿಡುತ್ತಾ ಬಂದು ಸೇರುತ್ತಿತ್ತು.

ಆ ಡ್ರೈವರು ಜವರಯ್ಯ. ಅವನ ಹೆಂಡತಿ ಸಾಕವ್ವ ಅರಮನೆಯ ಉಪ್ಪಿನಕಾಯಿ ಉಗ್ರಾಣದವಳು. ಮುನ್ನೂರು ಜಾಡಿಗಳಲ್ಲಿ ಯಾವುದು ಹದಕ್ಕೆ ಬಂತು ಎಂದು ಬಾಗಿಲಾಚೆ ನಿಂತು ಮೂಸಿಯೇ ಹೇಳುತ್ತಿದ್ದಳು.

ರಾಜ್ಯದ ಅಂಚಿನ ಕೆಂಪು ಗುಡ್ಡದಲ್ಲಿ ಮಂಡೂರ ಎಂಬ ಮಾಂತ್ರಿಕನಿದ್ದ. ಅವನು ತುಕ್ಕಿನ ಒಡೆಯ. ಅವನು ಬೀದಿಯಲ್ಲಿ ನಡೆದರೆ ಎರಡೂ ಬದಿಯ ಮನೆಗಳ ಮೊಳೆಗಳು ಪುಡಿಯಾಗಿ, ಬಾಗಿಲುಗಳು ಒಂದೊಂದಾಗಿ ಮುಂದಕ್ಕೆ ಬೀಳುತ್ತಿದ್ದವು. ಒಂದು ಮಧ್ಯಾಹ್ನ ಅವನು ಕಾರಿಗೆ ಕೈ ಅಡ್ಡ ಹಿಡಿದ.

“ನನ್ನನ್ನು ಗುಡ್ಡದವರೆಗೆ ಬಿಡು.”

“ನೀನು ಕೂತರೆ ಸೀಟೆಲ್ಲ ಕೆಂಪಾಗುತ್ತೆ ಸ್ವಾಮಿ, ನಡೆದುಕೊಂಡು ಹೋಗು,” ಅಂದ ಜವರಯ್ಯ.

ಮಂಡೂರ ಒಂದೇ ಒಂದು ಸಲ ಉಸಿರು ಬಿಟ್ಟ. ಜನ ಓಡಿಬಂದು ನೋಡಿದಾಗ ಕಾರು ಬಾನೆಟ್ಟಿನಿಂದ ಬಾಲದವರೆಗೆ ತುಕ್ಕಾಗಿತ್ತು. ಸೀಟಿನ ಮೇಲೆ ಜವರಯ್ಯನ ಅಂಗಿ ನೆಟ್ಟಗೆ ಕೂತಿತ್ತು, ಅದರ ಮೇಲೆ ಗೇಣೆತ್ತರದಲ್ಲಿ ರುಮಾಲು ನಿಂತಿತ್ತು. ನಡುವೆ ತಲೆ ಇರಲಿಲ್ಲ.

ಅರಮನೆಯ ಕಮ್ಮಾರರು ಕಾರನ್ನು ಬಿಚ್ಚಿದರು. ದೀಪದ ಬುರುಡೆಯನ್ನು ಅರದಿಂದ ಉಜ್ಜಿದರೋ ಇಲ್ಲವೋ, ಅದರಿಂದ ರಕ್ತ ಒಸರಿತು. ಪಕ್ಕದಲ್ಲಿ ಬಿದ್ದಿದ್ದ ಹಾರನ್ನು ನರಳಿತು. “ಉಜ್ಜಬೇಡಿರಪ್ಪಾ. ನನ್ನ ದನಿ ಹಾರನ್ನಿನಲ್ಲಿದೆ, ಕಣ್ಣು ದೀಪದಲ್ಲಿದೆ, ಎದೆ ಇಂಜಿನ್ನಿನಲ್ಲಿದೆ. ತಿಂಗಳು ತುಂಬಿದರೆ ಮೂರೂ ಪುಡಿಯಾಗುತ್ತವೆ.”

ಕಮ್ಮಾರರು ಅರ ಬಿಸುಟು ಓಡಿಹೋದರು. ಸಾಕವ್ವ ಮಾತ್ರ ಅಲ್ಲೇ ನಿಂತಳು.

“ಉಜ್ಜೋದು ಬೇಡ ಬುದ್ಧಿ, ನೆನೆಹಾಕೋಣ,” ಅಂದಳು ರಾಜನಿಗೆ. “ನನಗೆ ಗೊತ್ತಿರೋದು ಅದೊಂದೇ.”

ಮೊದಲು ಹಾರನ್ನು. ಮಣ್ಣಿನ ಬಾನಿಯ ತುಂಬ ಹುಣಸೆ ಹುಳಿ ಕಿವುಚಿ ಅದನ್ನು ಮುಳುಗಿಸಿದಳು. ಒಂದು ಹಗಲು ಒಂದು ರಾತ್ರಿ ಬಾನಿ ಗುಳುಗುಳು ಅಂದಿತು. ತೆಗೆದು ಬೆರಳಾಡಿಸಿದರೆ ತುಕ್ಕು ಕೆಸರಿನ ಹಾಗೆ ಜಾರಿ, ಕಬ್ಬಿಣ ಮೀನಿನಂತೆ ಹೊಳೆಯಿತು. ಸಾಕವ್ವ ಬಾವಿ ನೀರಿನಲ್ಲಿ ತೊಳೆದು, ದೇವರ ಮುಂದಿಟ್ಟು, ಕುಂಕುಮ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಹಾರನ್ನು ಮತ್ತೆ ಕೆಂಪಾಗಿತ್ತು.

“ಸಾಕೀ,” ಅಂದಿತು. ಅದು ತೊಂಬತ್ತು ದಾಟಿದ ಮುದುಕನ ದನಿ.

ಸಾಕವ್ವನ ಕೈಯಿಂದ ಕುಂಕುಮದ ಬಟ್ಟಲು ಬಿತ್ತು. ಹುಳಿ ಕುಡಿದ ಕಬ್ಬಿಣ ಬತ್ತಲೆ ಕೂಸಿದ್ದಂತೆ, ಗಾಳಿ ತಾಗಿದರೂ ತಡೆಯದು ಎಂದು ಆಗ ತಿಳಿಯಿತು. ಮತ್ತೆ ನೆನೆಹಾಕಿದಳು. ಈ ಸಲ ತೆಗೆದವಳೇ ಬಿಸಿ ಬೂದಿ ನೀರಿನಲ್ಲಿ ಅದ್ದಿ ಹುಳಿಯನ್ನು ಕೊಂದಳು, ಸೆರಗಿನಲ್ಲಿ ಒಂದು ಹನಿ ನಿಲ್ಲದಂತೆ ಒರೆಸಿದಳು, ಬಿಸಿ ಆರುವ ಮುಂಚೆಯೇ ಹರಳೆಣ್ಣೆ ಬಳಿದಳು.

“ಎಣ್ಣೆ ಮೂಗಿಗೆ ಹೋಯ್ತು ಕಣೇ,” ಅಂದಿತು ಹಾರನ್ನು, ಜವರಯ್ಯನ ಸ್ವಂತ ದನಿಯಲ್ಲಿ.

“ಮೂಗೆಲ್ಲಿದೆ ನಿಮಗೆ? ಸುಮ್ಮನಿರಿ,” ಅಂದಳು ಸಾಕವ್ವ. ಅಂದು ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡಳು.

ಎರಡನೆಯದು ದೀಪದ ಬುರುಡೆ. ಅದರ ತುಕ್ಕು ಹುಣಸೆಗೆ ಜಗ್ಗಲಿಲ್ಲ. ಹೇರಳೆಕಾಯಿ ರಸ ಹಿಂಡಿದಳು. ಆ ಹುಳಿ ಎಂಥದ್ದೆಂದರೆ ಮೇಲೆ ಹಾರಿದ ಕಾಗೆ ಮುಖ ಕಿವುಚಿಕೊಂಡಿದ್ದು ಮೂರು ದಿನ ಬಿಚ್ಚಲಿಲ್ಲ. ಎರಡನೆಯ ಮಧ್ಯಾಹ್ನ ಅವಳು ತೆಗೆಯಲು ಬಗ್ಗಿದಾಗ ಬಾನಿಯ ತಳದಿಂದ ಜವರಯ್ಯನ ದನಿ ಬಂತು.

“ಇನ್ನೂ ಸ್ವಲ್ಪ ಹೊತ್ತು ಬಿಡು ಸಾಕಿ. ತುಂಬಾ ಹಿತವಾಗಿದೆ.”

ಕೈ ಹಿಂದೆಗೆದಳು. ಪಾಪ, ಎಷ್ಟು ನೊಂದ ಜೀವ, ಇರಲಿ ಎಂದುಕೊಂಡಳು. ಹಾಗೆಂದುಕೊಂಡವಳು ಮರುಕ್ಷಣವೇ ತಲೆಯೆತ್ತಿ ಗೋಡೆ ನೋಡಿದಳು. ಗಂಡನ ದನಿಯಿರುವ ಹಾರನ್ನು ಗೋಡೆಯ ಮೇಲೆ ಎಣ್ಣೆ ಬಳಿದುಕೊಂಡು ತೂಗುತ್ತಿದೆ. ಬಾನಿಯಲ್ಲಿರುವುದು ಬರೀ ಕಣ್ಣು. ಹಾಗಾದರೆ ಮಾತಾಡಿದ್ದು ಯಾರು?

“ನಾನಲ್ಲ ಕಣೇ, ತೆಗಿ ಬೇಗ,” ಅಂದಿತು ಗೋಡೆಯ ಹಾರನ್ನು.

ಎರಡೂ ಕೈ ಹಾಕಿ ಎತ್ತಿದಳು. ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನತೊಡಗಿತ್ತು. ಬುರುಡೆಯ ಅಂಚು ಒಣಗಿದ ಎಲೆಯಷ್ಟು ತೆಳ್ಳಗಾಗಿತ್ತು. ಬೂದಿ ನೀರು, ಸೆರಗು, ಹರಳೆಣ್ಣೆ. ಬುರುಡೆ ನಿಧಾನವಾಗಿ ತಿರುಗಿ ಅವಳನ್ನು ನೋಡಿತು. ಬಾನಿಯ ತಳದಲ್ಲಿ ಯಾರೋ ನಕ್ಕರು.

ಮೂರನೆಯದು ಇಂಜಿನ್ನು. ಅದರೊಳಗೆ ಎದೆ ಲಬ್ ಡಬ್ ಎನ್ನುತ್ತಿತ್ತು. ಎದೆಯನ್ನು ಹುಳಿಗೆ ಹಾಕಲು ಸಾಕವ್ವನಿಗೆ ಧೈರ್ಯ ಬರಲಿಲ್ಲ. ಆಲೆಮನೆಯಿಂದ ಕಾಕಂಬಿ ತರಿಸಿದಳು. ಬೆಲ್ಲ ಮಾಡುವಾಗ ಉಳಿಯುವ ಕರೀ ಪಾಕ ಅದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. “ಇದು ತುಕ್ಕನ್ನು ತಿನ್ನುತ್ತೆ, ಕಬ್ಬಿಣದ ಗೊಡವೆಗೆ ಹೋಗಲ್ಲ. ಆದರೆ ನಿಧಾನ ಬುದ್ಧಿ. ಇಪ್ಪತ್ತೊಂದು ದಿನ,” ಅಂದಳು.

ವಾರ ಕಳೆಯುವಷ್ಟರಲ್ಲಿ ಬಾನಿ ನೊರೆಗಟ್ಟಿ ನಾರತೊಡಗಿತು. ಮೂರು ಊರಾಚೆಯ ನೆಗಡಿಯವರಿಗೂ ಮೂಗು ಬಿಚ್ಚಿತು. ಹನ್ನೆರಡನೆಯ ದಿನ ಲಬ್ ಡಬ್ ನಿಂತುಹೋಯಿತು.

ರಾಜನೇ ಓಡಿಬಂದ. “ತೆಗಿ ಸಾಕವ್ವ, ಸತ್ತೇ ಹೋಗ್ತಾನೆ.”

“ಇನ್ನೂ ನೆಂದಿಲ್ಲ ಬುದ್ಧಿ.”

“ನಿಂತೇ ಹೋಗಿದೆಯಲ್ಲ.”

“ನನಗೂ ಕಿವಿ ಇದೆ,” ಅಂದಳು ಸಾಕವ್ವ. ಅಂದ ಮೇಲೆ ಎಂಟು ದಿನ ಅವಳು ಅಲ್ಲಿಂದ ಕದಲಲಿಲ್ಲ. ಬಾನಿಗೆ ಕಿವಿಯಿಟ್ಟು ಕೂತಳು. ಒಳಗೆ ನೊರೆ ಒಡೆಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಇಪ್ಪತ್ತನೆಯ ದಿನ ನಡುಮಧ್ಯಾಹ್ನ ಬಾಗಿಲ ಮೊಳೆಗಳು ಉದುರಿದವು. ಹೊಸಿಲಲ್ಲಿ ಜವರಯ್ಯ ನಿಂತಿದ್ದ. ರುಮಾಲು ಹುಬ್ಬಿನವರೆಗೆ ಇಳಿದಿತ್ತು.

“ಬಂದೆ ಕಣೇ ಸಾಕಿ. ಮಾಟ ಕಳೀತು. ಆ ಕೊಳಕು ನೀರು ಚೆಲ್ಲು, ಮನೆಗೆ ಹೋಗೋಣ.”

ಸಾಕವ್ವನ ಕಾಲುಗಳು ಅವಳ ಮಾತು ಕೇಳದೆ ಎರಡು ಹೆಜ್ಜೆ ಮುಂದೆ ಹೋದವು. ಅಷ್ಟರಲ್ಲಿ ಗೂಡಿನಲ್ಲಿದ್ದ ದೀಪದ ಬುರುಡೆ ಅವನತ್ತ ತಿರುಗಿ, ರೆಪ್ಪೆ ಮುಚ್ಚಿಕೊಂಡಂತೆ ಕಪ್ಪಾಯಿತು. ಅವಳು ನಿಂತಳು.

“ನನ್ನ ಸೊಂಟ ಹಿಡಿದುಬಿಟ್ಟಿದೆ ಕಣ್ರೀ,” ಅಂದಳು. “ಒಳಗಿರೋದು ನಿಮ್ಮದೇ ಎದೆ. ನೀವೇ ಎತ್ತಿಕೊಳ್ಳಿ.”

ಎದೆ ಕೈಗೇ ಸಿಗುವಾಗ ಯಾರು ಬಿಡುತ್ತಾರೆ? ಹಿಚುಕಿದರೆ ಆಯಿತು ಎಂದು ಅವನು ನಗುತ್ತಾ ಎರಡೂ ಕೈ ಬಾನಿಗಿಳಿಸಿದ. ಸಾಕವ್ವ ಅವನ ಎರಡೂ ಮೊಣಕೈ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಅದುಮಿದಳು. ಮುನ್ನೂರು ಜಾಡಿ ಎತ್ತಿಳಿಸಿದ ತೋಳು, ಆನೆಯೂ ಬಿಡಿಸಿಕೊಳ್ಳುತ್ತಿರಲಿಲ್ಲ.

“ಬಿಡೇ, ಉರಿಯುತ್ತೆ.”

“ಸ್ವಲ್ಪ ತಾಳಿ. ನೆನೀಬೇಕು.”

ನೊರೆ ಉಕ್ಕಿತು. ಬೆರಳು ಹೋಯಿತು, ಅಂಗೈ ಹೋಯಿತು, ತೋಳು ಹೋಯಿತು. ಜವರಯ್ಯನ ಮುಖ ಹಕ್ಕಳೆಯಂತೆ ಎದ್ದುಬಂದು, ಕೆಳಗೆ ಮಂಡೂರನ ಮುಖ ಕಂಡಿತು. ಅದೂ ಎದ್ದುಬಂತು. ಅದರ ಕೆಳಗೆ ಏನೂ ಕಾಣಲಿಲ್ಲ. ತುಕ್ಕು ಕಳೆದರೆ ಕಬ್ಬಿಣ ಉಳಿಯಬೇಕು, ಅವನೊಳಗೆ ಕಬ್ಬಿಣವೇ ಇರಲಿಲ್ಲ. ಕೊನೆಗೆ ಕೆಂಪು ನೊರೆ ಮಾತ್ರ ಉಳಿಯಿತು.

ಸುದ್ದಿ ಕೇಳಿ ರಾಜ ಬಂದ. “ಈಗಲಾದರೂ ತೆಗೆಯವ್ವ.”

“ನಾಳೆ, ಬುದ್ಧಿ.”

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಬಾನಿಯೊಳಗೆ ಲಬ್ ಅಂದಿತು. ಬಹಳ ಹೊತ್ತಿನ ಮೇಲೆ ಡಬ್ ಅಂದಿತು. ಸಾಕವ್ವ ಇಂಜಿನ್ನನ್ನು ಮಗುವನ್ನೆತ್ತುವಂತೆ ಎತ್ತಿದಳು. ಅದರ ಮೈ ಅಮಾವಾಸ್ಯೆಯ ಆಕಾಶದಂತೆ ಕಪ್ಪಗೆ, ನುಣ್ಣಗೆ ಇತ್ತು. ತೊಳೆದಳು, ಒರೆಸಿದಳು, ಎಣ್ಣೆ ಕುಡಿಸಿದಳು. ಕಮ್ಮಾರರು ನಾಚಿಕೊಂಡೇ ಬಂದು ಕಾರನ್ನು ಜೋಡಿಸಿ, ಹ್ಯಾಂಡಲು ತಿರುಗಿಸಿದರು. ಕಾರು ಕೆಮ್ಮಿತು. ಸೀಟಿನ ಮೇಲೆ ಜವರಯ್ಯನೂ ಕೆಮ್ಮಿದ. ಈಗ ಅಂಗಿಗೂ ರುಮಾಲಿಗೂ ನಡುವೆ ಅವನ ತಲೆಯೇ ಇತ್ತು.

“ಸಾಕಿ, ನಿನ್ನ ಕೈಯೆಲ್ಲ ಹುಳಿಗೆ ಬೆಂದುಹೋಗಿದೆಯಲ್ಲೇ,” ಅಂದ.

“ಇಪ್ಪತ್ತೈದು ದಿನ ಆಯ್ತು ನೀವು ಈ ಕೈ ನೋಡಿ,” ಅಂದಳು ಅವಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಕಾರು ಹತ್ತದವಳು, ಬಾಗಿಲು ತೆಗೆದು ಅವನ ಪಕ್ಕ ಕೂತಳು. “ಹೊರಡಿ.”

ಅವರು ರಾಜ್ಯವನ್ನು ಮೂರು ಸುತ್ತು ಸುತ್ತಿ ಊಟದ ಹೊತ್ತಿಗೆ ಮನೆ ಸೇರಿದರು. ಬಿದ್ದ ಬಾಗಿಲುಗಳು ಎದ್ದು ನಿಂತವು, ರಾಜ ಪ್ರಜೆ ಎಲ್ಲರೂ ಚೆನ್ನಾಗಿದ್ದರು. ಅವರಿಬ್ಬರು ಎಷ್ಟು ಕಾಲ ಸುಖವಾಗಿ ಬಾಳಿದರೆಂದು ಎಣಿಸಲು ಕೂತವರು ಎಣಿಸಿ ಎಣಿಸಿ ಮುದುಕರಾದರು, ಅವರಿಬ್ಬರು ಇನ್ನೂ ಸುತ್ತುತ್ತಲೇ ಇದ್ದರು.