ಫ್ಯಾನಿನ ಮೇಲಿನ ಕೆಂಪು ಚುಕ್ಕೆ

"ಈ ಮದುಮಗಳ ಮುಖಾ ನೋಡ್ರಿ. ಹೆಂಗ ಕಾಣ್ತದ?"

ಬಸವೇಶ್ವರಿ ತನ್ನ ಮೊಬೈಲನ್ನು ಅಂಗಡಿಯ ಮೇಜಿನ ಮೇಲೆ ಇಟ್ಟಳು... ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು.

ಆನಂದಕುಮಾರ ಬಗ್ಗಿ ನೋಡಿದ. ಕಂಪ್ಯೂಟರ್ ಪರದೆಯ ಫೋಟೊ ಅದು. ಅಕ್ಷತೆ ಬೀಳುವ ಹೊತ್ತು. ಮದುಮಗಳ ಹಣೆಯಿಂದ ಗಲ್ಲದವರೆಗೆ ಹಸಿರು ಗೆರೆಗಳು, ಮದುಮಗನ ಪೇಟದ ಮೇಲೆ ಗುಲಾಬಿ ಚೌಕಗಳು.

"ಗ್ರಾಫಿಕ್ಸ್ ಕಾರ್ಡಿಂದೇ ತಕರಾರು ಇದ್ದಂಗ ಕಾಣ್ತದ್ರಿ," ಎಂದ ಮೆಲ್ಲಗೆ.

"ಅದು ನನಗೂ ಗೊತ್ತದ. ಕಾರ್ಡ್ ನಿಮ್ಮ ದುಕಾನಿಂದೇ. ಫ್ಯಾನ್ ಮ್ಯಾಲ ನೇಲ್ ಪಾಲಿಶಿಲೆ ಕೆಂಪು ಚುಕ್ಕಿ ಇಟ್ಟೀನಿ ನಾ. ಫ್ಯಾನ್ ತಿರುಗಿದ್ರ ಚುಕ್ಕಿ ಕಾಣಲ್ಲ. ಇವತ್ತ ಮುಂಜಾನಿ ಫ್ಯಾನ್ ನಿಂತು ಚುಕ್ಕಿ ನಿಚ್ಚಳ ಕಾಣಾಕತ್ತಿತ್ತು. ಎಲ್ಲೋ ಹಗಲೂ ರಾತ್ರಿ ಓಡಿಸಿ ಸುಟ್ಟದ್ದನ್ನ ತಂದು, ಒರಸಿ, ನಮ್ಮ ಮಾಮಾಗ ಮಾರೀರಿ. ಹೌದಲ್ರಿ?"

ಜಹೀರಾಬಾದ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈ ಅಂಗಡಿ. ಆಫೀಸುಗಳು, ಕೋಚಿಂಗ್ ಸೆಂಟರ್‌ಗಳು ಬೇಡವೆಂದು ಬಿಟ್ಟ ಕಂಪ್ಯೂಟರ್‌ಗಳನ್ನು ಆನಂದಕುಮಾರ ಕೊಂಡು ತರುತ್ತಿದ್ದ. ಒಂದರ ಬೋರ್ಡು, ಇನ್ನೊಂದರ ಮೆಮರಿ, ಮತ್ತೊಂದರ ಡಬ್ಬಿ ಸೇರಿಸಿ, ಬಡವರ ಕೈಗೆಟುಕುವ ಹಾಗೆ ಹೊಸದೊಂದನ್ನು ಕಟ್ಟಿಕೊಡುತ್ತಿದ್ದ. ಕೊಹೀರಿನ ಹುಡುಗ. ಕೈ ಮುಂದು, ಮಾತು ಹಿಂದು. ಅಂಥದೇ ಒಂದನ್ನು ಸೋದರಮಾವ ಮಾಣಿಕಪ್ಪ ಬಸವೇಶ್ವರಿಗೆ ಕೊಡಿಸಿದ್ದ.

ಅವಳು ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುವವಳು. ಇಲ್ಲಿಯದೊಂದು, ನಾರಾಯಣಖೇಡದ್ದೊಂದು ಸ್ಟುಡಿಯೊ ಅವಳಿಗೆ ಕೆಲಸ ಕಳಿಸುತ್ತಿದ್ದವು. ಅಪ್ಪ ಇಲ್ಲದ ಮನೆ ಅದರಿಂದಲೇ ನಡೆಯುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲಿ ಇದ್ದದ್ದು ಸುಮ್ಮನೆ ಅಲ್ಲ.

ಅವಳ ಹಿಂದೆ ತಾಯಿ ಈರಮ್ಮ ನಿಂತಿದ್ದಳು. ಕಂಪ್ಯೂಟರ್ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡಿದ್ದಳು.

"ಕೊಡ್ರಿ ಯವ್ವಾ," ಎಂದು ಆನಂದಕುಮಾರ ಅದನ್ನು ಇಳಿಸಿಕೊಂಡ. ಪಕ್ಕದ ಮುಚ್ಚಳ ತೆಗೆದು ಒಳಗೆ ಟಾರ್ಚಿನ ಬೆಳಕು ಬಿಟ್ಟ. ಒಳಗೆ ಏನು ಕಂಡನೋ... ಅವನ ಕೈ ನಿಂತುಹೋಯಿತು. ತಲೆಯೆತ್ತಿ ಈರಮ್ಮನ ಮುಖ ನೋಡಿದ.

"ಏನಾತು ಯಪ್ಪಾ? ನನ್ನ ಕೈಲೆ ಏನರ ತಪ್ಪಾಗ್ಯಾದೇನು?" ಈರಮ್ಮನ ದನಿ ನಡುಗಿತು. "ಮಗಳ ಅನ್ನದ ಮಷೀನು ಅಂತ ದೇವರಂಗ ನೋಡ್ಕೊಂಡೀನಿ ನಾ."

ಅವನು ಟಾರ್ಚ್ ಆರಿಸಿದ.

"ಇಲ್ಲ ಯವ್ವಾ. ನಿಮ್ಮದೇನೂ ಇಲ್ಲ. ಕಾರ್ಡೇ ಖರಾಬ್ ಅದ. ತಪ್ಪು ನಂದು."

ಆಟೊದಲ್ಲಿ ದಾರಿಯುದ್ದಕ್ಕೂ ಜಗಳಕ್ಕೆಂದು ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಸವೇಶ್ವರಿಯ ಬಾಯಲ್ಲೇ ಉಳಿದವು. ತಪ್ಪು ಒಪ್ಪಿಕೊಂಡವನ ಜೊತೆ ಜಗಳ ಆಡುವುದು ಹೇಗೆ?

ಆನಂದಕುಮಾರ ಆ ಕಾರ್ಡನ್ನು ತೆಗೆದಿಟ್ಟು, ಒಳಗೆಲ್ಲ ಬ್ರಷ್ಷು ಆಡಿಸಿ, ಬೇರೆ ಕಾರ್ಡ್ ಹಾಕಿದ. ಅದು ಮೊದಲಿನದಕ್ಕಿಂತ ಚಲೋದು. ಪರದೆ ಹತ್ತಿತು. ಮದುಮಗಳ ಮುಖ ತಿಳಿಯಾಗಿ, ನಗುತ್ತಾ ಮೂಡಿತು. ಬಸವೇಶ್ವರಿಗೆ ಹೋದ ಜೀವ ಬಂದಂತಾಯಿತು.

ಅವಳು ಆಟೊ ಕರೆಯಲು ಹೊರಗೆ ಹೋದಾಗ ಆನಂದಕುಮಾರ ಈರಮ್ಮನಿಗೆ ಮೆಲ್ಲಗೆ ಏನೋ ಹೇಳುತ್ತಿದ್ದ. ಈರಮ್ಮ ತಲೆಯಾಡಿಸುತ್ತಿದ್ದಳು. ಏನು ಮಾತೆಂದು ಬಸವೇಶ್ವರಿ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಅವಳ ಕಂಪ್ಯೂಟರಿಗೆ ಏನೇನೋ ಸಣ್ಣ ರೋಗಗಳು ಬರತೊಡಗಿದವು. ಒಂದು ದಿನ ಕೇಬಲ್ ಸಡಿಲ. ಇನ್ನೊಂದು ದಿನ 'ಸ್ವಲ್ಪ ಸಪ್ಪಳ ಬರ್ತದ'. ಮತ್ತೊಂದು ದಿನ ಏನೂ ಇಲ್ಲ, 'ಹಿಂಗೇ ಈ ಕಡಿ ಬಂದಿದ್ದೆ'. ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇತ್ತು, ಬಿಡಿ. ರೋಗ ಬೇರೆ ಕಡೆ ಇತ್ತು.

ನಾರಾಯಣಖೇಡದಲ್ಲಿ ಒಂದು ಕೋಚಿಂಗ್ ಸೆಂಟರ್ ಮುಚ್ಚುತ್ತಿದೆ, ಕಂಪ್ಯೂಟರ್ ಮಾರುತ್ತಾರೆ ಎಂಬ ಸುದ್ದಿ ತಂದವಳೂ ಅವಳೇ. ಇಬ್ಬರೂ ಬಸ್ಸಿನಲ್ಲಿ ಹೋದರು. ಅಲ್ಲಿ ಒಂದು ಕಂಪ್ಯೂಟರಿನಲ್ಲಿ ಚಿತ್ರವೇ ಬರಲೊಲ್ಲದು. ಅವನು ಕೇಬಲ್ ಬದಲಿಸಿದ, ಬರಲಿಲ್ಲ. ಮೊದಲಿನ ಕೇಬಲನ್ನೇ ಮತ್ತೆ ಹಾಕಿ, ಮೆಮರಿ ಬದಲಿಸಿದ, ಬರಲಿಲ್ಲ. ಬಸವೇಶ್ವರಿಗೆ ತಾಳ್ಮೆ ತಪ್ಪಿತು.

"ಎಲ್ಲಾ ಒಮ್ಮೆಲೇ ಬದಲಿಸಿಬಿಡ್ರಿ. ಹತ್ತತದ."

"ಹತ್ತತದ್ರಿ. ಆದ್ರ ಯಾವುದು ಕೆಟ್ಟಿತ್ತು ಅಂತ ಎಂದೂ ಗೊತ್ತಾಗಲ್ಲ. ಒಮ್ಮಿಗೆ ಒಂದೇ ಬದಲಿಸಬೇಕು."

ಕೊನೆಗೆ ಅವಳೇ ಕಾರ್ಡ್ ತೆಗೆದು, ಅದರ ಹೊಳೆಯುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಹಾಕಿದಳು. ಚಿತ್ರ ಬಂತು. ಅವನು ನಕ್ಕ. ಆ ನಗು ಅವಳು ಮೊದಲ ಸಲ ನೋಡಿದ್ದು.

ಮರಳುವಾಗ ಅವಳ ತೊಡೆಯ ಮೇಲೆ ಮಾನಿಟರ್, ಅವನ ತೊಡೆಯ ಮೇಲೆ ಡಬ್ಬಿ.

"ಭಾರ ಆಗ್ಯಾದೇನ್ರಿ?" ಎಂದ.

"ಇಲ್ರಿ," ಎಂದಳು. ಭಾರವಾಗಿಯೇ ಇತ್ತು. ಆದರೂ ಜಹೀರಾಬಾದ್ ಇಷ್ಟು ಬೇಗ ಬರಬಾರದಿತ್ತು ಎನಿಸಿತು.

'ಇವನ ಜೊತೆ ಎಷ್ಟು ಹಗುರ ಅನಿಸುತ್ತದೆ... ಸುಳ್ಳು ಹೇಳಲು ಬಾರದ ಮನುಷ್ಯ.'

ಹಾಗಂದುಕೊಂಡ ಮರುವಾರವೇ ಅದು ಆಯಿತು.

ಪಸ್ತಾಪುರದಲ್ಲಿ ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳ ಸಂಘಕ್ಕೆ ಕಂಪ್ಯೂಟರ್‌ಗಳು ಬೇಕಾಗಿದ್ದವು. ಸಂಘದ ಹಿರಿಯಳು ಪೀರಮ್ಮ ಮೊದಲನೆಯದನ್ನು ನೋಡಲು ಅಂಗಡಿಗೆ ಬಂದಿದ್ದಳು. ಅವನ ಅಂಗಡಿ ಕಂಡ ಅತಿ ದೊಡ್ಡ ಕೆಲಸ ಅದು. ಬಸವೇಶ್ವರಿ ಖುಷಿಯಿಂದ ರೊಟ್ಟಿಯ ಬುತ್ತಿ ಕಟ್ಟಿಕೊಂಡೇ ಬಂದಳು. ಮೇಜಿನ ಮೇಲೆ ಮುಚ್ಚಳ ತೆಗೆದ ಡಬ್ಬಿ. ಇಣುಕಿದಳು.

ನಿಂತ ಫ್ಯಾನಿನ ಮೇಲೆ ಕೆಂಪು ಚುಕ್ಕೆ.

ಅವಳದೇ ನೇಲ್ ಪಾಲಿಶ್. ಅವಳದೇ ಕಾರ್ಡ್.

"ಇದು ಕೆಟ್ಟಾದ ಅಂತ ನನ್ನ ಕಡಿಂದ ತೆಗೆದಿಟ್ಟ ಕಾರ್ಡ್ ಅಲ್ಲೇನ್ರಿ?"

ಅವನ ಮುಖ ಬಿಳಿಚಿತು. "ಕಾರ್ಡ್ ಚಲೋ ಅದ ರಿ."

"ಚಲೋ ಇದ್ರ ಅವತ್ತ ಯಾಕ ಖರಾಬ್ ಅಂದ್ರಿ? ಖರಾಬ್ ಇದ್ರ ಇವತ್ತ ಈ ಹೆಣ್ಣುಮಕ್ಕಳಿಗೆ ಯಾಕ ಹಾಕೀರಿ?"

ಆನಂದಕುಮಾರ ಬಾಯಿ ತೆರೆದ. ಪೀರಮ್ಮನ ಕಡೆ ನೋಡಿದ. ಮತ್ತೆ ಬಾಯಿ ಮುಚ್ಚಿದ. ಪೀರಮ್ಮ ಮತ್ತು ಈರಮ್ಮ ಹಳೆಯ ಗೆಳತಿಯರು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಸವೇಶ್ವರಿಗೆ ಮಾತ್ರ ಆ ಮೌನ ಕಳ್ಳನ ಮೌನದಂತೆ ಕಂಡಿತು.

"ಹೇಳ್ರಿ... ಏನರ ಹೇಳ್ರಿ."

"ನಿಮಗ ಏನಂತ ಅನಸ್ತದೋ ಅದೇ ಖರೆ ಅನ್ಕೋರಿ," ಎಂದ ಅವನು.

ಪೀರಮ್ಮ ಎದ್ದಳು. "ನಮ್ಮದು ಒಬ್ಬೊಬ್ಬಾಕಿ ಕೂಡಿಟ್ಟ ಗಂಟು ತಮ್ಮಾ. ನಾವು ತಾಂಡೂರಾಗ ನೋಡ್ಕೋತೀವಿ."

ಬುತ್ತಿ ಬಿಚ್ಚದೆಯೇ ಮನೆಗೆ ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಜಹೀರಾಬಾದಿನಲ್ಲಿ ಸುದ್ದಿಗೆ ಬಸ್ಸೂ ಬೇಕಿಲ್ಲ. ಕೆಟ್ಟ ಕಾರ್ಡ್ ಮಾರುವವನು ಎಂಬ ಹೆಸರು ಓಣಿ ದಾಟಿ ಕೊಹೀರನ್ನೂ ಮುಟ್ಟಿತು. ಗಿರಾಕಿಗಳು ಕಡಿಮೆಯಾದರು. ಮಾಣಿಕಪ್ಪ ಒಂದು ಸಂಜೆ ಚಹಾ ಕುಡಿಯುತ್ತಾ ಹೇಳಿದ, "ಆ ಹುಡುಗ ದುಕಾನ್ ಮುಚ್ಚಿ ತಾಂಡೂರಿಗೆ ಹೊಂಟಾನಂತ. ಅಲ್ಲಿ ಅವನ ಭಾವ ನರೇಶನ ಕಡಿ ಕೆಲಸಕ್ಕ."

ಬಸವೇಶ್ವರಿ ಎದ್ದಳು. ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕುಳಿತಳು. ಪರದೆಯ ಮೇಲೆ ಯಾರದೋ ಮಗಳು ತವರು ಬಿಡುತ್ತಾ ಅಳುತ್ತಿದ್ದಳು. ಅವಳ ನೆಪದಲ್ಲಿ ತಾನೂ ಅತ್ತಳು.

'ಮೋಸಗಾರ ಹೋಗಲಿ ಬಿಡು' ಎಂದಿತು ಬುದ್ಧಿ. 'ಅವನು ಮೋಸಗಾರ ಅಲ್ಲದಿದ್ದರೆ?' ಎಂದಿತು ಮನಸ್ಸು. ಎರಡೂ ಅವಳನ್ನು ಮಲಗಗೊಡಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ತಲೆ ಒರೆಸಿಕೊಳ್ಳುತ್ತಾ ಬಂದಾಗ, ಈರಮ್ಮ ಮಾನಿಟರಿನ ಮೇಲಂಚಿಗೆ ಒಣ ವಿಭೂತಿ ಹಚ್ಚುತ್ತಿದ್ದಳು. ಹೊಸ್ತಿಲು, ತಿಜೋರಿ, ಹೊಲಿಗೆ ಮಷೀನು... ಆ ಮನೆಯಲ್ಲಿ ವಿಭೂತಿ ಇಲ್ಲದ ವಸ್ತುವಿಲ್ಲ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ? ಆದರೆ ಇವತ್ತು ಬಸವೇಶ್ವರಿ ನೋಡಿದಳು.

"ಅವ್ವಾ, ಮೊದಲ ಡಬ್ಬಿಗಿ ಹಚ್ಚತಿದ್ದಿ ಅಲ್ಲ?"

"ಹೂಂ. ಆ ಹುಡುಗ ಬ್ಯಾಡ ಅಂದ."

"ಯಾವ ಹುಡುಗ?"

"ದುಕಾನಿನಾವ. ನೀ ಆಟೊ ಕರಿಯಾಕ ಹೋಗಿದ್ದಿ ನೋಡು, ಅವಾಗ. 'ಯವ್ವಾ, ಡಬ್ಬಿ ಅಂದ್ರ ಅದರ ಹೊಟ್ಟಿ. ಪರದೀನೇ ಮುಖ. ವಿಭೂತಿ ಹಣಿಗೆ ಹಚ್ಚಬೇಕಲ್ಲ, ಇನ್ನ ಮ್ಯಾಲ ಒಣದು ಹಚ್ಚರಿ' ಅಂದ. ನನಗೂ ಖರೆ ಅನಸ್ತು."

ಬಸವೇಶ್ವರಿಯ ಕೈಯ ಟವೆಲ್ ಅಲ್ಲೇ ನಿಂತಿತು.

"ಮೊದಲ ಡಬ್ಬಿಗಿ ಎಲ್ಲಿ ಹಚ್ಚತಿದ್ದಿ ಅವ್ವಾ?"

"ನೆತ್ತಿ ಮ್ಯಾಲ. ಜರಡಿಯಂಗ ತೂತು ತೂತು ಅದ ಅಲ್ಲ, ಅಲ್ಲೇ. ನೀರಾಗ ಚಂದಂಗ ಕಲಸಿ, ಮೂರು ಬೆರಳಲೆ."

ಅವಳು ಮಾತಾಡದೆ ಡಬ್ಬಿಯ ಪ್ಲಗ್ ಕಿತ್ತು ಮುಚ್ಚಳ ತೆಗೆದಳು. ಆ ತೂತುಗಳ ನೇರಕ್ಕೆ, ತಳದ ಮೂಲೆಯಲ್ಲಿ, ಬ್ರಷ್ಷಿಗೆ ಸಿಗದ ಕಡೆ, ಬಿಳಿಯ ಹನಿಗಳು ಒಣಗಿ ಹಕ್ಕಳೆಗಟ್ಟಿದ್ದವು. ಉಗುರಿನಿಂದ ಕೆರೆದು ಮೂಸಿದಳು. ವಿಭೂತಿ.

ಕಲಸಿದ ವಿಭೂತಿ ಸೋಮವಾರ ಸೋಮವಾರ ತೊಟ್ಟಿಕ್ಕಿ, ಕಾರ್ಡಿನ ಫ್ಯಾನನ್ನು ಹಿಡಿದಿತ್ತು. ಫ್ಯಾನ್ ನಿಂತು ಕಾರ್ಡ್ ಬಿಸಿಯೇರಿತ್ತು. ಮದುಮಗಳ ಮುಖಕ್ಕೆ ಗೆರೆ ಬಂದದ್ದು ಅದಕ್ಕೇ. ತೊಳೆದು ಒಣಗಿಸಿದರೆ ಕಾರ್ಡ್ ಚಲೋದೇ. ಅವನು ಅವತ್ತೇ ಎಲ್ಲ ಕಂಡಿದ್ದ. ಕಂಡು, ನಡುಗುವ ಒಬ್ಬ ತಾಯಿಯ ಮುಖ ನೋಡಿ, ತಪ್ಪು ನಂದು ಅಂದಿದ್ದ.

ಮೋಸಗಾರನಲ್ಲ...

ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಬಸವೇಶ್ವರಿ ನೆಲದ ಮೇಲೆ ಕುಳಿತು ನಕ್ಕಳು. ನಗುತ್ತಾ ಅತ್ತಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಹುಡುಗಿಯರಿಗೇ.

"ಏನಾತು ನಿನಗ? ಹುಚ್ಚು ಹಿಡದದೇನು?" ಎಂದು ಈರಮ್ಮ ಗಾಬರಿಯಾದಳು.

ಹೇಳುವುದೋ ಬಿಡುವುದೋ ಎಂದು ಬಸವೇಶ್ವರಿ ತಡವರಿಸಿದಳು. ಅಂಗಡಿಯಲ್ಲಿ ಆನಂದಕುಮಾರ ಬಾಯಿ ಮುಚ್ಚಿಕೊಂಡದ್ದು ನೆನಪಾಯಿತು. ಇನ್ನು ಸಾಕು ಎನಿಸಿ, ಎಲ್ಲವನ್ನೂ ಹೇಳಿದಳು.

ಈರಮ್ಮ ಪೂರ್ತಿ ಕೇಳಿದಳು. ಮುಖ ಬಾಡಿತು. ಆಮೇಲೆ ತುಟಿಯ ಮೂಲೆಯಲ್ಲಿ ಸಣ್ಣಗೆ ನಗು ಬಂತು.

"ಅಯ್ಯ... ಶಿವನ ಬೂದಿ ಮಷೀನಿಗಿ ಹಿಡಸಲಿಲ್ಲ ಅನ್ನು. ಇಷ್ಟಕ್ಕ ನಾ ಸತ್ತು ಹೋಗ್ತಿದ್ದೆನೇನು? ಪಾಪ, ನನ್ನ ಸಲುವಾಗಿ ಆ ಹುಡುಗ ಊರೇ ಬಿಡಾಕ ಹೊಂಟಾನ." ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀ ದುಕಾನಿಗಿ ನಡಿ. ನಾ ಪಸ್ತಾಪುರಕ್ಕ ಹೋಗಿ ಪೀರಮ್ಮನ್ನ ಕರಕೊಂಡು ಬರ್ತೀನಿ. ತಪ್ಪು ಮಾಡಿದಾಕಿ ನಾನು, ಹೇಳಾಕಿನೂ ನಾನೇ."

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಸವೇಶ್ವರಿ ದಾಪುಗಾಲು ಹಾಕಿದಳು. ಹೋಗಿಯೇಬಿಟ್ಟನೇ?

ಬಗ್ಗಿ ಒಳಗೆ ಹೋದಳು. ಇದ್ದ. ಬೋರ್ಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಕೆಂಪು ಚುಕ್ಕೆಯ ಕಾರ್ಡ್ ಮಾತ್ರ ಮೇಜಿನ ಮೇಲೆ ಹಾಗೇ ಇತ್ತು.

ಅವಳು ಉಗುರಿನ ತುದಿಯ ಬಿಳಿ ಹಕ್ಕಳೆಯನ್ನು ಅದರ ಪಕ್ಕದಲ್ಲಿಟ್ಟಳು.

"ಇದು ನಮ್ಮ ಮನಿ ವಿಭೂತಿ. ಅವ್ವಗ ಎಲ್ಲಾ ಹೇಳೀನಿ. ಆಕಿ ನಕ್ಕಳು."

"ನಕ್ಕರಾ?" ಆನಂದಕುಮಾರ ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಇಷ್ಟು ದಿನ ಹಿಡಿದಿಟ್ಟ ಉಸಿರು ಈಗ ಹೊರಬಂದಂತೆ ಕಂಡಿತು.

"ನಂದು ತಪ್ಪಾತು ರಿ. ನಾಕು ಮಂದಿ ಮುಂದ ನಿಮ್ಮ ಹೆಸರು ಕೆಡಿಸಿದೆ." ಅವಳ ಕಣ್ಣು ತುಂಬಿತು. "ಆದ್ರ ನಿಮ್ಮದೂ ತಪ್ಪದ. ಅವ್ವನ ಮನಸು ಉಳಿಸಾಕ ಹೋಗಿ ನನ್ನ ಬಾಯಿಲೆ ಸುಳ್ಳು ಆಡಿಸಿದ್ರಿ. ನನಗೊಬ್ಬಾಕಿಗರ ಹೇಳಬಹುದಿತ್ತಲ್ಲ?"

"ಹೇಳಬೇಕಂತಿದ್ದೆ. ಮೊದಲ ದಿನ ನಿಮ್ಮ ಸಿಟ್ಟಿಗೆ ಅಂಜಿದೆ."

"ಆಮ್ಯಾಲ?"

"ಆಮ್ಯಾಲ..." ಅವನು ಕಾರ್ಡಿನ ಫ್ಯಾನನ್ನು ಬೆರಳಿನಿಂದ ತಿರುಗಿಸಿದ. "ಸುಳ್ಳು ಹೇಳ್ಯಾನ ಅಂತ ಗೊತ್ತಾದ್ರ ನೀವು ಬರೋದೇ ನಿಲ್ಲಿಸ್ತೀರೇನೋ ಅಂತ ಅಂಜಿದೆ. ನಿಮ್ಮ ಮಷೀನಿನಾಗ ಏನೂ ಸಪ್ಪಳ ಇಲ್ಲ ಅಂತ ನನಗ ಗೊತ್ತಿತ್ತು ರಿ. ಆದ್ರೂ ಪ್ರತಿಸಲ ಬಿಚ್ಚಿ ನೋಡಿದೆ."

ಅವಳ ಕೆನ್ನೆ ಬಿಸಿಯಾಯಿತು. ಗೊತ್ತಿತ್ತೇ ಇವನಿಗೆ!

ಹೊರಗೆ ಆಟೊ ನಿಂತಿತು. ಪೀರಮ್ಮನ ನಗು ಮೊದಲು ಒಳಗೆ ಬಂತು, ಅವಳು ಆಮೇಲೆ ಬಂದಳು.

"ಏ ತಮ್ಮಾ, ಪೆಟ್ಟಿಗಿ ಬಿಚ್ಚು. ನಮ್ಮ ಮಷೀನು ನಮಗ ಕೊಡು. ಸಂಘದಾಗ ಎಲ್ಲಾರಿಗೂ ನಾನೇ ಹೇಳ್ತೀನಿ, ಹುಡುಗ ಬಂಗಾರದಂಥಾವ ಅಂತ."

ಅವಳ ಹಿಂದೆ ಈರಮ್ಮ. ಸೆರಗಿನ ಗಂಟು ಬಿಚ್ಚಿ ವಿಭೂತಿಯ ಗಟ್ಟಿ ತೆಗೆದಳು. ಬೆರಳಿಗೆ ಸವರಿಕೊಂಡು ಆನಂದಕುಮಾರನ ಮುಂದೆ ನಿಂತಳು.

"ಹಣಿ ಇದೇ ಅಲ್ಲೇನು ಯಪ್ಪಾ? ಇಲ್ಲಿ ಹಚ್ಚಿದ್ರ ಏನೂ ಕೆಡಂಗಿಲ್ಲಲ್ಲ?"

ಅವನು ಬಗ್ಗಿದ. ಅವನ ಕಣ್ಣು ಒದ್ದೆಯಾಗಿತ್ತು. "ಏನೂ ಕೆಡಂಗಿಲ್ಲ ಯವ್ವಾ."

ಈರಮ್ಮ ಮೂರು ಬೆರಳಿನಿಂದ ಹಚ್ಚಿ, ಮಗಳ ಮುಖವನ್ನೊಮ್ಮೆ ನೋಡಿದಳು. ತಾಯಿಗೆ ತಿಳಿಯದ್ದೇನಿದೆ? ಪೀರಮ್ಮನ ಕೈ ಹಿಡಿದು, "ನಡಿ, ಚಹಾ ಕುಡಿಯಾಣ" ಎಂದು ಹೊರಗೆ ಕರೆದೊಯ್ದಳು.

ಬಸವೇಶ್ವರಿ ಪೆಟ್ಟಿಗೆಯಿಂದ ಒಂದು ಬೋರ್ಡು ತೆಗೆದು, ಪೇಪರ್ ಬಿಚ್ಚಿ, ಗೂಡಿನಲ್ಲಿ ಮೊದಲಿದ್ದ ಕಡೆ ಇಟ್ಟಳು.

"ಒಮ್ಮಿಗೆ ಒಂದೇ ಬದಲಿಸಬೇಕು ಅಂತ ನೀವೇ ಹೇಳಿದ್ರಿ. ಊರು, ದುಕಾನು, ಎಲ್ಲಾ ಒಮ್ಮೆಲೇ ಬದಲಿಸಾಕ ಹೊಂಟಿದ್ರಲ್ಲ?"

"ಇಲ್ರಿ. ಎಲ್ಲಿಗೂ ಹೋಗಲ್ಲ." ಅವನು ಅವಳ ಕೈಯಿಂದ ಇನ್ನೊಂದು ಬೋರ್ಡು ತೆಗೆದುಕೊಂಡ. "ಮತ್ತ ಏನೂ ಬದಲಿಸೋದು ಬ್ಯಾಡೇನು?"

"ಒಂದು ಬದಲಿಸಬೇಕು," ಎಂದಳು, ತಲೆ ತಗ್ಗಿಸಿ. "ನಾ ಇರೋ ಮನಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ, ಅವಳು ನಾರಾಯಣಖೇಡದಲ್ಲಿ ಕಂಡಿದ್ದ ಅದೇ ನಗು ಮತ್ತೆ ಬಂತು.

"ನಿಮ್ಮ ಕಂಪ್ಯೂಟರು?"

"ಅದೂ ನನ್ನ ಜೋಡಿ ಬರ್ತದ. ಅವ್ವನೂ."

"ಬರ್ಲಿ," ಎಂದ ಅವನು. "ವಿಭೂತಿ ಹಚ್ಚಾಕ ನಮ್ಮ ಮನ್ಯಾಗ ಹಣಿ ಭಾಳ ಅವ."